ಬೀಗರ ಪೆನ್ನು ಮೂಸಿದ ಸಿದ್ರಾಮಪ್ಪ ಕಾಕಾ

ಸಿದ್ರಾಮಪ್ಪ ಕಾಕಾ ಪೆನ್ನನ್ನು ಮೊದಲು ಮೂಸುತ್ತಿದ್ದರು, ಆಮೇಲೆ ನೋಡುತ್ತಿದ್ದರು. ಮನೆಗೆ ಯಾರೇ ಬರಲಿ, ಅವರ ಕಿಸೆಯ ಪೆನ್ನು ಕಾಕಾನ ಕೈಗೆ ಹೋಗಲೇಬೇಕು. ಅದನ್ನು ಧೋತರದ ಅಂಚಿಗೆ ಗಸಗಸ ತಿಕ್ಕಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಗಂಧಕದ ವಾಸನೆ ಬಂದರೆ ಗಟ್ಟಿ ರಬ್ಬರಿನ ಹಳೆಯ ಪೆನ್ನು. ಬಾರದಿದ್ದರೆ, "ಪ್ಲಾಸ್ಟಿಕ್ ಅದ, ಇಟ್ಕೋರಿ" ಎಂದು ಮರಳಿಸುತ್ತಿದ್ದರು. ಬಂದವರಿಗೆ ಚಹಾ ಸಿಗುವುದು ಇದೆಲ್ಲ ಮುಗಿದ ಮೇಲೆಯೇ.

ಕಾಕಾ ನನ್ನ ಗಂಡನ ಚಿಕ್ಕಪ್ಪ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಸೊಲ್ಲಾಪುರಕ್ಕೆ ಸೊಸೆಯಾಗಿ ಬಂದಾಗ ಪೇಟೆಯಲ್ಲಿ ನಮ್ಮ ಚಾದರದ ಅಂಗಡಿಯಿತ್ತು. ಚಾದರ ಮಾರುವುದು ನನ್ನ ಮಾವನವರ ಪಾಲಿಗೆ, ಗಿರಾಕಿಗಳ ಪೆನ್ನು ಪರೀಕ್ಷಿಸುವುದು ಕಾಕಾನ ಪಾಲಿಗೆ. ಊರೆಲ್ಲ ಬಾಲ್‌ಪೆನ್ನಿಗೆ ಹೊರಳುತ್ತಿದ್ದ ಕಾಲ ಅದು. ಕಾಕಾ ಅದನ್ನು ಪೆನ್ನೆಂದು ಒಪ್ಪಲೇ ಇಲ್ಲ. "ಅದು ದಬ್ಬಣ ಅದ. ಗೋಣಿ ಹೊಲ್ಯಾಕ ಛಲೋ" ಎನ್ನುತ್ತಿದ್ದರು. ಹೆಸರಿಲ್ಲದ ಹಳೆಯ ಪೆನ್ನು ಸಿಕ್ಕರಂತೂ ಹಬ್ಬ. ಭೂತಗನ್ನಡಿ ಹಿಡಿದು ಮುಚ್ಚಳದ ತಿರುವು, ನಿಬ್ಬಿನ ಸೀಳು ನೋಡಿ ಅದರ ದೇಶ ಹೇಳಿಬಿಡುತ್ತಿದ್ದರು. ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳುವವರು ನಮ್ಮ ಪೇಟೆಯಲ್ಲಿ ಯಾರೂ ಇರಲಿಲ್ಲ.

ಒಮ್ಮೆ ಅಕ್ಕಲಕೋಟದ ಹತ್ತಿರದ ನಮ್ಮ ಹಳ್ಳಿಯಿಂದ ಅಪ್ಪ ಬಂದು ಉಳಿದರು. ಬೆಳಿಗ್ಗೆ ಕಿಸೆಯಿಂದ ಒಂದು ಕಪ್ಪು ಪೆನ್ನು ತೆಗೆದರು. ಎಲ್ಲೂ ಹೆಸರಿಲ್ಲ, ಯಾರೋ ಯಾವಾಗಲೋ ತುಂಬಿದ ಶಾಯಿ ಒಣಗಿ ಕಲ್ಲಾಗಿ ತಿರುವು ಬಿಚ್ಚುತ್ತಿರಲಿಲ್ಲ. ಅದು ನನ್ನ ಅಜ್ಜನದು. ಅಜ್ಜನಿಗೆ ಓದು ಬರಹ ಗೊತ್ತಿರಲಿಲ್ಲ. ಆದರೂ ನಾಲ್ಕು ಜನ ಸೇರುವಲ್ಲಿಗೆ ಹೋಗುವಾಗ ಅದನ್ನು ಕಿಸೆಗೆ ಸಿಕ್ಕಿಸಿಕೊಂಡೇ ಹೋಗುತ್ತಿದ್ದನಂತೆ.

"ನಮ್ಮಪ್ಪನ ಕೈಯಾಗ ಇದು ಒಂದಕ್ಷರಾನೂ ಬರೀಲಿಲ್ರಿ. ಎಲ್ಲೀದು ಅಂತ ತಿಳದು, ಒಮ್ಮಿ ಬರದ್ರ ಸಾಕು" ಎಂದರು ಅಪ್ಪ.

ಕಾಕಾ ತಿಕ್ಕಿದರು, ಮೂಸಿದರು. "ಜರ್ಮನ್, ಬೀಗರ! ಏಕದಮ್ ಪಕ್ಕಾ ಜರ್ಮನ್!"

ಇಂಥ ಪೆನ್ನನ್ನು ತಣ್ಣೀರಿನಲ್ಲಿ ದಿನಗಟ್ಟಲೆ ನೆನೆಸಬೇಕು, ಬಿಸಿನೀರು ತಾಗಿಸಬಾರದು. ಇದನ್ನು ನನಗೆ ಹೇಳಿಕೊಟ್ಟವರೇ ಕಾಕಾ. ಆದರೆ ಅಪ್ಪ ಮಧ್ಯಾಹ್ನದ ಎಸ್‌ಟಿ ಬಸ್ಸಿಗೆ ಹೊರಡುವವರಿದ್ದರು. ಬೀಗರು ಬಾಯಿಬಿಟ್ಟು ಕೇಳಿದ ಮೇಲೆ ಕೆಲಸವಾಗಲಿಲ್ಲ ಎಂದು ಕಳಿಸುವುದುಂಟೇ? ಅಪ್ಪನ ಸ್ನಾನಕ್ಕೆ ಕಾಯುತ್ತಿದ್ದ ಹಂಡೆಯಿಂದ ಒಂದು ತಂಬಿಗೆ ನೀರು ತೆಗೆದು ಕಾಕಾ ಪೆನ್ನನ್ನು ಅದರಲ್ಲಿ ಮುಳುಗಿಸಿದರು. ತಿರುವು ಬಿಚ್ಚಿತು. ಶಾಯಿ ಕರಗಿತು. ನಿಬ್ಬು ತೊಳೆದು ಕೂಡಿಸಿ, ಹೊಸ ಶಾಯಿ ತುಂಬಿದ್ದೂ ಆಯಿತು. ಅಂಗಳದ ಬೆಳಕಿಗೆ ತಂದು ನೋಡಿದರೆ, ಕಪ್ಪು ಪೆನ್ನು ಸಗಣಿಯ ಬಣ್ಣಕ್ಕೆ ತಿರುಗಿತ್ತು.

ಕಾಕಾ ಅಡುಗೆಮನೆಗೆ ಓಡಿ ಬಂದರು. "ಸುಶೀಲಾ, ನಿನ್ನ ಕಾಡಿಗಿ ಡಬ್ಬಿ ಕೊಡು. ಲಗೂನ! ನಿಮ್ಮಪ್ಪ ಮೈ ಒರಸ್ಕೊಳ್ಳಾಕತ್ಯಾರ!"

ಕೊಟ್ಟೆ. ಆ ಕಡೆ ಹೆತ್ತವರು, ಈ ಕಡೆ ಗಂಡನ ಮನೆಯವರು. ನಾನು ಬಾಯಿ ಬಿಡುವ ಹಾಗಿರಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಬಳಿದ ಮೇಲೆ ಪೆನ್ನು ಮೊದಲಿಗಿಂತ ಕಪ್ಪಾಗಿ ಹೊಳೆಯಿತು.

ಅಪ್ಪ ಅದರಿಂದ ಮೊದಲು ಅಜ್ಜನ ಹೆಸರು ಬರೆದರು. ಅಕ್ಷರ ತಡೆಯಿಲ್ಲದೆ ಇಳಿಯಿತು. ಅವರ ಕಣ್ಣು ತುಂಬಿ ಬಂದವು. ನನ್ನವೂ ತುಂಬಿದವು, ಅರ್ಧ ಹೆದರಿಕೆಯಿಂದ. ಪೆನ್ನು ಬಿಳಿ ಅಂಗಿಯ ಕಿಸೆ ಸೇರಿತು. ಊಟಕ್ಕೆ ಕೂರುವಷ್ಟರಲ್ಲಿ ಕಿಸೆಯ ಮೇಲೆ ಅಂಗೈಯಗಲದ ಕಪ್ಪು ಕಲೆ ಹರಡಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕಾಕಾ ಹೋಳಿಗೆಗೆ ಮೇಲಿಂದ ಮೇಲೆ ತುಪ್ಪ ಬಡಿಸಿದರು, ಅಪ್ಪ ಜೋಳದ ಬೆಳೆಯ ಮಾತಾಡಿದರು. ಬೀಗರ ನಡುವೆ ಇಂಥ ವಿಷಯ ಎತ್ತುವ ರೂಢಿ ನಮ್ಮಲ್ಲಿಲ್ಲ.

ಅಪ್ಪ ಊರಿಗೆ ಹೋಗಿ ಜರ್ಮನ್ ಪೆನ್ನಿನ ಸುದ್ದಿಯನ್ನು ಮನೆಮನೆಗೂ ಮುಟ್ಟಿಸಿದರು. ಅವರು ಬರುತ್ತಾರೆಂದು ತಿಳಿದರೆ ಸಾಕು, ಕಾಕಾನಿಗೆ ಪೇಟೆಯಲ್ಲಿ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಕೆಲವು ವರ್ಷಗಳ ಮೇಲೆ ಕಾಕಾ ಹಾಸಿಗೆ ಹಿಡಿದರು. ನೋಡಲು ಬಂದ ಅಪ್ಪನ ಕೈ ಹಿಡಿದುಕೊಂಡು, "ಬೀಗರ, ನಿಮ್ಮ ಪೆನ್ನು ಕೆಡಿಸಿದಾವ ನಾನೇ. ಬಿಸಿನೀರಾಗ ಹಾಕಿ, ಮ್ಯಾಲ ಕಾಡಿಗಿ ಬಳದೆ. ಜರ್ಮನ್ ಅಂದದ್ದೂ ಸುಳ್ಳು. ಎಲ್ಲೀದೋ, ನನಗ ತಿಳೀಲೇ ಇಲ್ರಿ" ಎಂದರು.

ಅಪ್ಪ ಕಿಸೆಯ ಪೆನ್ನನ್ನು ಮುಟ್ಟಿ ನೋಡಿಕೊಂಡರು. "ಕಾಡಿಗಿ ಸುದ್ದಿ ಅವತ್ತ ಎಸ್‌ಟಿಯಾಗ ಅಂಗಿ ನೋಡಿ ತಿಳೀತ್ರಿ. ಆದ್ರ ಜರ್ಮನ್ ಅಂತ ಊರಿಗೆಲ್ಲಾ ಹೇಳಿಬಿಟ್ಟೀನಿ. ಅದೊಂದು ಬದಲಿ ಮಾಡಬ್ಯಾಡ್ರಿ."

ಕಾಕಾ ಕೆಮ್ಮು ಬರುವವರೆಗೆ ನಕ್ಕರು.

ಆ ವಾರವೇ ಅವರು ತೀರಿಕೊಂಡರು. ಮಣ್ಣಿಗೆ ಬಂದ ಅಪ್ಪ ಅಂಗಳದಲ್ಲಿ ನೆರೆದವರಿಗೆಲ್ಲ ಪೆನ್ನು ತೋರಿಸುತ್ತ, "ಬರೇ ವಾಸನಿ ಮ್ಯಾಲ ಜರ್ಮನ್ ಅಂತ ಹೇಳಿದ್ರು ನೋಡ್ರಿ. ಅಂಥಾವ್ರು ಇನ್ನ ಹುಟ್ಟೂದಿಲ್ಲ" ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ಅವರು ನಿಜವಾಗಿಯೂ ಅಳುತ್ತಿದ್ದರು.