ಅಂಗಾತ ಮಲಗಿದ ಮಧ್ಯಾಹ್ನ

ಬೆನ್ನು ವರ್ಷ ವರ್ಷವೂ ಬಾಗುತ್ತಾ ಹೋಗಿ, ನನ್ನ ಹೆಂಡತಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ದಿಂಬಿಗೆ ಒರಗಿ ಕುಳಿತೇ ನಿದ್ರಿಸುತ್ತಿದ್ದಳು. ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಅಪಾಯವೆಂದು ಡಾಕ್ಟರು ಎಚ್ಚರಿಸಿದರೂ, "ನೇರ ಮಲಗಿ ಒಂದು ನಿದ್ದೆ ಮಾಡ್ಬೇಕು ನನಗೆ" ಎಂದು ಹಟ ಹಿಡಿದಳು.

ಬೆನ್ನಿಗೆ ಸರಳು, ಸ್ಕ್ರೂ ಹಾಕಿಸಿಕೊಂಡು, ನೋವು ಇಳಿದ ಮೇಲೆ, ಸಿದ್ಧಕಟ್ಟೆಯ ಮನೆಯಲ್ಲಿ ಒಂದು ಮಧ್ಯಾಹ್ನ ಮೆಲ್ಲಗೆ ಅಂಗಾತ ಮಲಗಿದಳು. ಹಂಚಿನ ನಡುವಿನ ಗಾಜಿನಿಂದ ಬೆಳಕು ಅವಳ ಮುಖದ ಮೇಲೆ ಇಳಿಯುತ್ತಿತ್ತು.

"ಮಾಡಿನಲ್ಲಿ ಇಷ್ಟು ಜೇಡರ ಬಲೆ ಉಂಟಾ? ನೀವು ಒಂದು ದಿನವೂ ಹೇಳ್ಲಿಲ್ಲ ಮಾರಾಯ್ರೆ!"

ಬಲೆ ಗುಡಿಸೋಣವೆಂದು ನಾನು ಹಿಡಿಸೂಡಿ ತರಲು ಎದ್ದೆ.

"ಈಗ ಬೇಡ, ಸ್ವಲ್ಪ ನೋಡ್ತೇನೆ."

ನೋಡುತ್ತ ನೋಡುತ್ತ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನಲ್ಲೇ ಸಣ್ಣ ಗೊರಕೆ ಕೇಳಿಸಿತು.

ಅವಳು ಹೋಗಿ ವರ್ಷವಾಯಿತು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಗೊರಕೆ ಪಕ್ಕದಿಂದ ಈಗಲೂ ಬರುತ್ತದೆ. ಅವಳಿಗೆ ಎಚ್ಚರವಾದೀತೆಂದು ನಾನು ಮಗ್ಗುಲು ಬದಲಿಸುವುದಿಲ್ಲ.