ಮಾತಾಡಬಹುದು, ಮುಟ್ಟುವಂತಿಲ್ಲ

ಇನ್ನೂ ಬೀದಿದೀಪ ಆರಿಲ್ಲ. ವೃದ್ಧಾಶ್ರಮದ ಮೂಲೆಕೋಣೆಯಲ್ಲಿ ಈಕೆ ನೆಲಕ್ಕೆ ಮಂಡಿಯೂರಿ, ಮಂಚದ ಅಂಚಿನಲ್ಲಿ ಕೂತ ಅಜ್ಜನ ಎಡಪಾದವನ್ನು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜುತ್ತಿದ್ದಾಳೆ.

"ಹಿಮ್ಮಡಿ ಒತ್ತಿ ಅಜ್ಜ. ನನ್ನ ಭುಜ ಹಿಡ್ಕೊಳ್ಳಿ. ಮೊದ್ಲು ಮೂಗು ಮುಂದೆ ಬರ್ಲಿ, ಆಮೇಲೆ ಸೊಂಟ ಎತ್ತಿ."

ಅಜ್ಜ ಏಳುತ್ತಾರೆ, ತೂಗಾಡುತ್ತಾರೆ, ಧೊಪ್ಪನೆ ಕೂರುತ್ತಾರೆ. "ಹೊಲಿಗೆ ಬಿಚ್ಚಿಹೋಯ್ತು ಮಗಳೇ," ಎಂದು ನಗುತ್ತಾರೆ. ಬದುಕಿಡೀ ಕೋಟು ಹೊಲಿದ ದರ್ಜಿ ಅವರು. ಲಕ್ವ ಹೊಡೆದು ಎಡಭಾಗ ಸೋತಿದೆ.

ಈಕೆ ಫಿಸಿಯೋಥೆರಪಿಸ್ಟ್. ದೂರದೇಶದಿಂದ ಬಂದು ಇಲ್ಲೇ ಓದಿದವಳು. ಆಶ್ರಮದಲ್ಲಿ ಎಲ್ಲರಿಗೂ 'ಕಾಲಿನ ಹುಡುಗಿ'. ಓದುವಾಗ ಇಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುತ್ತಲೇ ಅಜ್ಜನನ್ನು ವಾಕರ್ ಹಿಡಿಸಿ ಬಾಗಿಲವರೆಗೆ ನಡೆಸಿದ್ದಳು. ಆಮೇಲೆ ಡಿಗ್ರಿ ಬಂತು. ತಮಾಷೆ ನೋಡಿ, ಡಿಗ್ರಿ ಇಲ್ಲದಾಗ ಮುಟ್ಟಬಹುದಾಗಿದ್ದ ಕಾಲನ್ನು ಡಿಗ್ರಿ ಬಂದ ಮೇಲೆ ಮುಟ್ಟುವಂತಿಲ್ಲ! ವಿದ್ಯಾರ್ಥಿಯಾಗಿ ಕೆಲಸ ಮಾಡುವ ಅನುಮತಿ ಮುಗಿದಿತ್ತು. ಪದವೀಧರರ ವರ್ಕ್ ಪರ್ಮಿಟ್ ಬಂದಿರಲಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆ ಅಂದರು ವಲಸೆ ಕಚೇರಿಯವರು. ಚಳಿಗಾಲವಿಡೀ ಅದೇ ಮಾತು.

ಏನನ್ನು ಪರಿಶೀಲಿಸುತ್ತಿದ್ದರು? ಕಾಲೇಜು ಇವರದೇ, ಪರೀಕ್ಷೆ ಇವರದೇ, ಅಂಕ ಕೊಟ್ಟವರೂ ಇವರೇ.

"ಪಾಸಾಗಿದ್ದು ನಿಜ ತಾನೇ ಅಂತ ಅಮ್ಮ ಫೋನಲ್ಲಿ ಕೇಳಿದ್ಳು. ಏನಂತ ಹೇಳ್ಲಿ?" ಎನ್ನುತ್ತಾಳೆ ಈಕೆ ನನ್ನತ್ತ ತಿರುಗಿ.

ಆಶ್ರಮದ ಗೇಟಿಗೆ 'ಸಿಬ್ಬಂದಿ ಬೇಕಾಗಿದ್ದಾರೆ' ಎಂಬ ಫಲಕ ನೇತಾಡುತ್ತಲೇ ಇತ್ತು. ಬೇರೆ ಫಿಸಿಯೋ ಸಿಗಲಿಲ್ಲ. ಮನಸ್ಸು ತಡೆಯದೆ ಈಕೆ ಅಜ್ಜನನ್ನು ನೋಡುವ ನೆಪದಲ್ಲಿ ಬಂದು, ಕುರ್ಚಿಯಲ್ಲಿ ಕೂತು, ಬಾಯಿಮಾತಲ್ಲೇ ಕಾಲು ಆಡಿಸಲು ಹೇಳಿಕೊಡತೊಡಗಿದಳು. "ಎಲ್ಲಿ ಕೈ ಹೋಗಿಬಿಡುತ್ತೋ ಅಂತ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡಿದ್ದೆ."

ಮ್ಯಾನೇಜರ್ ಅದಕ್ಕೂ ತಡೆ ಹಾಕಿದರು. "ಮಾತಾಡು, ಬೇಡ ಅನ್ನಲ್ಲ. ಆದ್ರೆ ವ್ಯಾಯಾಮ ಹೇಳ್ಕೊಡೋದೂ ಕೆಲಸಾನೇ ಕಣಮ್ಮ. ಯಾರಾದ್ರೂ ದೂರು ಕೊಟ್ರೆ ನಿನ್ನ ಪರ್ಮಿಟ್ಟಿಗೇ ಕಲ್ಲು ಬೀಳುತ್ತೆ." ಕೆಟ್ಟವರಲ್ಲ, ಹೆದರಿದವರು. ಅವತ್ತಿನಿಂದ ಅಜ್ಜನ ಜೊತೆ ಈಕೆಯ ಮಾತು ಬರೀ ಹವಾಮಾನದ ಬಗ್ಗೆ.

ಅಜ್ಜನ ಮಗಳು ರಜೆ ಹಾಕಿ ಕಚೇರಿಗೇ ಹೋದರು. "ನಿಮ್ಮ ಪರಿಶೀಲನೆ ಮುಗಿಯೋವರೆಗೂ ಕಾಯೋಕೆ ನಮ್ಮಪ್ಪನ ಕಾಲಿಗೆ ಪುರುಸೊತ್ತಿಲ್ಲ," ಅಂದರು. ಕೌಂಟರಿನಾತ ತಲೆ ಎತ್ತದೆ, ಆನ್‌ಲೈನಿನಲ್ಲಿ ನೋಡಿ ಎಂದ.

ಪರ್ಮಿಟ್ ಬರುವಷ್ಟರಲ್ಲಿ ತೊಡೆ ಸೊರಗಿತ್ತು, ಮಂಡಿ ಬಿಗಿದಿತ್ತು. ಬಾಗಿಲವರೆಗೆ ನಡೆದಿದ್ದವರು ಹಾಸಿಗೆ ಹಿಡಿದಿದ್ದರು. ತಡವಾದದ್ದಕ್ಕೆ ಕಚೇರಿಯ ಯಾರೂ ಕಾರಣ ಹೇಳಲಿಲ್ಲ. ಈಕೆ ಹಿಮ್ಮಡಿಯಿಂದ ಮತ್ತೆ ಶುರುಮಾಡಿದಳು.

"ಹೋದ ಸಂಬಳ ಹೋಗ್ಲಿ ಬಿಡಿ. ಆ ಮಂಡಿ ಇನ್ನು ಪೂರ್ತಿ ಮಡಚಲ್ಲ. ಅದು ಅವರ ಕಡತದಲ್ಲಿ ಎಲ್ಲಿ ಬರುತ್ತೆ ಹೇಳಿ?" ಈಕೆಯ ಕೈ ಅಜ್ಜನ ಬೆನ್ನಿಗೆ ಆಸರೆಯಾಗಿ ನಿಂತಿದೆ.

ಈ ಪರ್ಮಿಟ್ಟಿಗೂ ಕೊನೆಯಿದೆಯಲ್ಲ, ಮುಂದೇನು ಎಂದು ಕೇಳುತ್ತೇನೆ.

"ಮತ್ತೆ ಅರ್ಜಿ ಹಾಕ್ತೀನಿ, ಮತ್ತೆ ಕಾಯಿಸ್ತಾರೆ. ಅಷ್ಟರೊಳಗೆ ಅಜ್ಜ ಯಾರನ್ನೂ ಕರೀದೆ ಬಚ್ಚಲಿಗೆ ಹೋಗಿಬರೋ ಹಾಗಾಗ್ಬೇಕು. ಈ ಸಲ ನಾನಿಲ್ಲ ಅಂತ ಅವರು ಮಲಗಬಾರದು."