ಕರಿಬೇವಿನ ಹುಳುಗಳು

"ಇವು ದಾಸವಾಳ ತಿನ್ನಂಗಿಲ್ರಿ ಅಕ್ಕಾರ, ಹಸದು ಸಾಯ್ತಾವ," ಎಂದಳು ಯಲ್ಲವ್ವ. ಇಟ್ಟಿಗೆ ಹೊರಲು ವಿಜಾಪುರದ ಕಡೆಯಿಂದ ಗೋವೆಯ ನಮ್ಮ ಕುಂಡಯಿಗೆ ಬಂದಿದ್ದ ಅವಳು ದಿನಾ ನಮ್ಮ ನಲ್ಲಿಯಲ್ಲೇ ನೀರು ತುಂಬಿಕೊಳ್ಳುತ್ತಿದ್ದಳು. ಕೊಲ್ಲಬಾರದೆಂದು ನಾನು ಹಿಂದಿನ ದಿನವಷ್ಟೇ ಆ ಐದು ಹಸಿರು ಹುಳುಗಳನ್ನು ಅಂಗಳದ ಕರಿಬೇವಿನಿಂದ ಎತ್ತಿ ದಾಸವಾಳದ ಮೇಲೆ ಬಿಟ್ಟಿದ್ದೆ. ಅವು ಒಂದು ಎಲೆಯನ್ನೂ ಮುಟ್ಟಿರಲಿಲ್ಲ.

"ಮೈಮ್ಯಾಲ ಕೂದಲಿಲ್ಲ, ತುರಿಸಂಗಿಲ್ಲ. ಇವು ಪಾತರಗಿತ್ತಿ ಆಗ್ತಾವ್ರಿ. ನಮ್ಮ ಶೆಡ್ಡಿನ ಮುಂದ ಒಂದು ಕರಿಬೇವಿನ ಗಿಡ ಐತಿ, ಒಯ್ತೀನಿ," ಎಂದು ಅವುಗಳನ್ನು ಸೆರಗಿನಲ್ಲಿಟ್ಟುಕೊಂಡು ಹೋದಳು.

ವಾರದ ಬಳಿಕ ಯಲ್ಲವ್ವ ಒಗ್ಗರಣೆಗೆ ಎರಡು ಎಸಳು ಕರಿಬೇವು ಕೇಳಿದಳು. ಹುಳುಗಳು ಅವಳ ಗಿಡವನ್ನು ಪೂರ್ತಿ ಬೋಳು ಮಾಡಿದ್ದವು. ನನ್ನದು ಚೆನ್ನಾಗಿ ಚಿಗುರಿತ್ತು. ಅಂದಿನಿಂದ ಹುಳು ಕಂಡರೆ ನನ್ನ ಗಿಡದಲ್ಲೇ ಇರಲು ಬಿಡುತ್ತೇನೆ.